ಮೂರು ತಿಂಗಳಾದರೂ ಸವೆಯದ ಅಟ್ಟೆ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ತುಮಕೂರಿನ ಅಂತರಸನಹಳ್ಳಿಯಲ್ಲಿ, ಪ್ರೆಸ್ಸಿನಲ್ಲಿ ಅಚ್ಚು ಒತ್ತಿ ಚಪ್ಪಲಿಗೆ ರಬ್ಬರಿನ ಅಟ್ಟೆ ಮಾಡುವ ಸಣ್ಣ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದೆ. ರಬ್ಬರಿನ ಬಗ್ಗೆ ಡಿಪ್ಲೊಮಾ ಓದಿದ್ದರಿಂದ ನನ್ನನ್ನು ಡಿಸೈನರ್ ಎಂದು ಕರೆಯುತ್ತಿದ್ದರು. ಹವಾಯಿ ಚಪ್ಪಲಿಗೆ ಇರುವುದೇ ಮೂರು ತೂತು. ಅದರಲ್ಲಿ ಡಿಸೈನ್ ಮಾಡುವುದಕ್ಕೆ ಏನಿದೆ ಎಂದು ಯಾರೂ ಕೇಳದೆ ಹೋದದ್ದು ನನ್ನ ಪುಣ್ಯ.

ನಮ್ಮ ಮಾಲೀಕರು ತುಮಕೂರಿನ ಹಳೆಯ ವ್ಯಾಪಾರಸ್ಥ ಮುಸ್ಲಿಂ ಮನೆತನದವರು. ನಾವೆಲ್ಲ ಅವರನ್ನು ಸಾಹೇಬರು ಎನ್ನುತ್ತಿದ್ದೆವು. ಅವರಿಗೆ ಒಂದೇ ಒಂದು ಆಸೆಯಿತ್ತು. "ನಮ್ಮ ತಂದೆ ಚಪ್ಪಲಿ ಮಾರಿದ್ರು. ನಾನು ಚಪ್ಪಲಿಗೆ ಸೋಲ್ ಮಾಡ್ದೆ. ಸಾಯೋದ್ರೊಳ್ಗೆ ಒಂದು ಓಡೋ ಶೂ ನಮ್ಮ ಪ್ರೆಸ್ಸಿಂದ ಹೊರಗೆ ಬರ್ಬೇಕು ಕಣ್ರೀ" ಎಂದು ಟೀ ಕುಡಿಯುವಾಗೆಲ್ಲ ಹೇಳುತ್ತಿದ್ದರು. ಕೊನೆಗೆ ಬೆಂಗಳೂರಿನ ಶೂ ಕಂಪನಿಯೊಂದು, ಶೂವಿನ ಮೇಲ್ಭಾಗ ನಾವು ಕೊಡುತ್ತೇವೆ, ಅದಕ್ಕೆ ಅಟ್ಟೆ ಹಾಕಿ ಸ್ಯಾಂಪಲ್ ಮಾಡಿ, ಮೂರು ತಿಂಗಳು ಜನರ ಕಾಲಲ್ಲಿ ಓಡಿಸಿ, ಆಮೇಲೆ ನಮಗೆ ತೋರಿಸಿ ಎಂದಿತು. ಅದು ಒಪ್ಪಿಗೆಯಾದರೆ ಆರ್ಡರು ನಮ್ಮದು. ಸಾಹೇಬರು ಆ ದಿನ ಇಡೀ ಫ್ಯಾಕ್ಟರಿಗೆ ಬಿರಿಯಾನಿ ಹಾಕಿಸಿದರು.

ಓಡುವ ಶೂವಿನ ಅಟ್ಟೆ ಎಂಥ ಜಗಳಗಂಟಿ ಎಂಬುದು ನನಗೆ ಆಗಲೇ ಗೊತ್ತಾದದ್ದು. ರಬ್ಬರು ಗಟ್ಟಿಯಾದರೆ ಬಾಳಿಕೆ ಬರುತ್ತದೆ, ಆದರೆ ಹಿಮ್ಮಡಿಗೆ ಕಲ್ಲಿನ ಮೇಲೆ ಕುಟ್ಟಿದ ಹಾಗಾಗುತ್ತದೆ. ಒಳಗೆ ಮೆತ್ತನೆಯ ಸ್ಪಂಜು ದಪ್ಪಗೆ ಇಟ್ಟರೆ ಸುಖ, ಆದರೆ ಪಾದ ಓಲಾಡಿ ಕಣಕಾಲು ಉಳುಕುತ್ತದೆ. ಓಲಾಡಬಾರದೆಂದು ಹಿಮ್ಮಡಿಯ ಕಡೆ ಅಟ್ಟೆಯನ್ನು ಅಗಲ ಮಾಡಿದರೆ ಶೂ ಭಾರವಾಗಿ, ಓಡುವವನು ನಡೆಯತೊಡಗುತ್ತಾನೆ. ಒಂದೇ ಮನೆಯ ಮೂವರು ಸೊಸೆಯಂದಿರನ್ನು ಸಂಭಾಳಿಸಿದಂತೆ ಮಳೆಗಾಲವೆಲ್ಲ ಸಂಭಾಳಿಸಿ, ಕೊನೆಗೂ ಒಂದು ಅಟ್ಟೆ ಮಾಡಿದೆ.

ಇನ್ನು ಓಡುವವರು ಬೇಕಿತ್ತು. ಆ ಕಾಲದ ತುಮಕೂರಿನಲ್ಲಿ ಬೆಳಿಗ್ಗೆ ಓಡುತ್ತಿದ್ದವರೆಂದರೆ ಬಸ್ಸು ತಪ್ಪಿಸಿಕೊಂಡವರು ಮಾತ್ರ. ಆದ್ದರಿಂದ ಮೂವರನ್ನು ಹುಡುಕಿ ಹಿಡಿದೆವು. ಗುಬ್ಬಿಯ ಹೈಸ್ಕೂಲೊಂದರ ಪಿ.ಟಿ. ಮೇಷ್ಟ್ರು ಒಬ್ಬರು. ಓಡುವವರು ಮಕ್ಕಳು, ಮೇಷ್ಟ್ರು ಸೀಟಿ ಊದುತ್ತ ನಿಂತಿರುತ್ತಾರೆ ಎಂಬುದು ನಮಗೆ ಹೊಳೆಯಲೇ ಇಲ್ಲ. ಇನ್ನೊಬ್ಬ ನನ್ನ ಅಣ್ಣ. ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದ ಬುಡದಲ್ಲಿ ಹೊಲ ಮಾಡಿಕೊಂಡು, ದನದ ಹಿಂದೆ ದಿನಾ ಬೆಟ್ಟ ಹತ್ತಿ ಇಳಿಯುವವನು. ಮೂರನೆಯವರು ಸ್ವತಃ ಸಾಹೇಬರು. ಅವರಿಗೆ ಸಕ್ಕರೆ ಕಾಯಿಲೆ, ದಿನವೂ ವಾಕಿಂಗ್ ಮಾಡಲೇಬೇಕೆಂದು ಡಾಕ್ಟರು ಹೇಳಿದ್ದರು. ಮಾಡಿದವನೇ ಪರೀಕ್ಷೆ ಮಾಡುವುದು ನ್ಯಾಯವಲ್ಲ ಎಂದು ನಾನು ಹಿಂದೆ ಸರಿದೆ. ಸೋಮಾರಿತನಕ್ಕೆ ನ್ಯಾಯದ ಹೆಸರು ಚೆನ್ನಾಗಿ ಒಪ್ಪುತ್ತದೆ.

ಮೂರು ತಿಂಗಳ ನಂತರ ಮೂರು ಜೊತೆ ಶೂಗಳೂ ಬಂದವು, ತೊಳೆದು ಒಣಗಿಸಿಕೊಂಡು. ಯಾರದಾದರೂ ವಸ್ತುವನ್ನು ಹಾಗೇ ಕೊಳಕಾಗಿ ಹಿಂತಿರುಗಿಸುವುದು ನಮ್ಮ ಕಡೆ ಮರ್ಯಾದೆಯಲ್ಲ. ಹಾಗಾಗಿ ಅವು ಥಳಥಳ ಹೊಳೆಯುತ್ತಿದ್ದುದರಲ್ಲಿ ನಮಗೆ ಆಶ್ಚರ್ಯ ಕಾಣಲಿಲ್ಲ. ತಿರುಗಿಸಿ ನೋಡಿದರೆ ಅಟ್ಟೆ ಒಂದಿಷ್ಟೂ ಸವೆದಿರಲಿಲ್ಲ. ಅಚ್ಚಿನಿಂದ ತೆಗೆದಾಗ ಉಳಿಯುವ ಕೂದಲಿನಷ್ಟು ಸಣ್ಣ ರಬ್ಬರ್ ಎಳೆಗಳೂ ಹಾಗೇ ಇದ್ದವು. ನಾನು ಅದನ್ನು ನನ್ನ ರಬ್ಬರಿನ ಮಹಿಮೆ ಎಂದು ತಿಳಿದೆ. ಸಾಹೇಬರು ಅಟ್ಟೆಯನ್ನು ಕಣ್ಣಿಗೆ ಒತ್ತಿಕೊಂಡರು.

ಬಾಳಿಕೆಯ ಚಿಂತೆ ತೀರಿತು, ಇನ್ನು ಸುಖವನ್ನು ಹೆಚ್ಚಿಸೋಣ ಎಂದು ನಾನು ರಬ್ಬರನ್ನು ಮತ್ತಷ್ಟು ಮೆದು ಮಾಡಿದೆ, ಸ್ಪಂಜನ್ನೂ ದಪ್ಪ ಮಾಡಿದೆ. ಬೆಣ್ಣೆಯಂಥ ಆ ಅಟ್ಟೆಯನ್ನೇ, ಮತ್ತೆ ಯಾರ ಕಾಲಿಗೂ ಹಾಕಿ ನೋಡದೆ, ಬೆಂಗಳೂರಿಗೆ ಕಳಿಸಿದೆವು. ಹಳೆಯ ಮೂರು ಜೊತೆಗಳನ್ನು ಓಡಿದವರಿಗೇ ಉಡುಗೊರೆಯಾಗಿ ವಾಪಸ್ ಕೊಟ್ಟೆವು.

ಬೆಂಗಳೂರಿನವರು ನಿಜವಾಗಿಯೂ ಓಡಿಬಿಟ್ಟರು. ಕೆಲವೇ ವಾರಗಳಲ್ಲಿ ಫೋನ್ ಬಂತು. ಹಿಮ್ಮಡಿ ಒಂದು ಮಗ್ಗುಲಿಗೆ ಸವೆದು, ಓಡುವವರ ಕಾಲು ವಾಲುತ್ತಿದೆಯಂತೆ. ಹಾಕಿಕೊಂಡರೆ ಸುಖವಾಗಿದೆ, ಆದರೆ ಉಳಿಯುವುದಿಲ್ಲ, ಕ್ಷಮಿಸಿ ಎಂದರಂತೆ. ಸಾಹೇಬರು ಫೋನ್ ಇಟ್ಟು, ನಮಾಜಿಗೆ ಹೊತ್ತಾಯಿತೆಂದು ಹೊರಟುಹೋದರು. ನನಗೆ ತಲೆ ಎತ್ತಲಾಗಲಿಲ್ಲ.

ಆ ಭಾನುವಾರ ಊರಿಗೆ ಹೋದೆ. ಅಣ್ಣ ಕುಣಿಗಲ್ಲಿಗೆ ಯಾವುದೋ ಮದುವೆಗೆ ಹೊರಟಿದ್ದ. ಅಟ್ಟದ ಮೇಲಿಂದ ಪೇಪರಿನಲ್ಲಿ ಸುತ್ತಿದ ಗಂಟನ್ನು ಇಳಿಸಿ ಬಿಚ್ಚಿದರೆ, ನನ್ನ ಶೂ.

"ಅಣ್ಣಾ, ಇದನ್ನ ಬೆಟ್ಟಕ್ಕೆ ಹಾಕ್ಕಂಡು ಹೋಗ್ತಿದ್ದೆ ತಾನೆ?" ಎಂದೆ.

"ತಲೆ ನೆಟ್ಟಗದಾ ನಿಂಗೆ? ಆ ಕಲ್ಲು ಮುಳ್ಳಿಗೆ ಇದನ್ನ ಹಾಕ್ಕಂಡು ಹೋಗೋದಾ? ಮದ್ವೆಗೆ ಅಂತ ಮಡಗಿದೀನಿ. ಅದೂ ನೆಮ್ಮದಿ ಇಲ್ಲ ಬುಡು, ಛತ್ರದ ಬಾಕ್ಲಲ್ಲಿ ಕಳಚಿ ಊಟಕ್ಕೆ ಕೂತ್ರೆ ಗ್ಯಾನವೆಲ್ಲ ಬಾಕ್ಲ ಕಡೇನೇ."

"ಓಡು ಅಂತ ತಾನೆ ಕೊಟ್ಟಿದ್ದು?"

"ನೀನ್ ಮಾಡಿದ್ದು ಕಣ್ಲಾ" ಎಂದ. "ತುಳಿಯಾಕೆ ಮನಸ್ಸು ಬರ್ಲಿಲ್ಲ."

ಬೈಯಲು ಬಾಯಿ ತೆರೆದವನು ಬಗ್ಗಿ ಅವನ ಶೂವಿನ ಲೇಸು ಕಟ್ಟಿಕೊಟ್ಟೆ. ಮಾರನೆಯ ದಿನ ಗುಬ್ಬಿಗೆ ಹೋಗಿ ವಿಚಾರಿಸಿದೆ. ಮೇಷ್ಟ್ರು ಅದನ್ನು ಧ್ವಜ ಹಾರಿಸುವ ದಿನ ಒಮ್ಮೆ ಹಾಕಿಕೊಂಡಿದ್ದರು, ಅದೂ ಅಟೆನ್ಷನ್‌ನಲ್ಲಿ ನಿಲ್ಲುವುದಕ್ಕೆ.

ಅಲ್ಲಿಂದ ಸೀದಾ ಫ್ಯಾಕ್ಟರಿಗೆ ಬಂದು ಸಾಹೇಬರಿಗೆ ಎಲ್ಲ ಹೇಳಿದೆ. ಕೊನೆಯಲ್ಲಿ, "ನೀವಾದ್ರೂ ವಾಕಿಂಗ್ ಹೋದ್ರಲ್ಲಾ ಸಾರ್?" ಎಂದು ಕೇಳಿದೆ.

ಅವರು ಟೀ ಲೋಟ ಪಕ್ಕಕ್ಕಿಟ್ಟರು. "ಹೋದೆ, ಚಪ್ಪಲೀಲಿ. ಶೂ ಮನೇಲಿ ಶೋಕೇಸಲ್ಲಿದೆ. ಮೊಮ್ಮಕ್ಳು ಮುಟ್ತಾರೆ ಅಂತ ಬೀಗ ಹಾಕಿದೀನಿ."

ನಾನು ಪಟ್ಟು ಬಿಡಲಿಲ್ಲ. ಮೊದಲಿನ ಅಟ್ಟೆಯನ್ನೇ ಸ್ವಲ್ಪ ಗಟ್ಟಿ ಮಾಡೋಣ, ಈ ಸಲ ನಾನೇ ಓಡುತ್ತೇನೆ, ಬೆಂಗಳೂರಿಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿ ಇನ್ನೊಂದು ಅವಕಾಶ ಕೇಳೋಣ ಎಂದೆ.

"ಏನಂತ ಹೇಳ್ತೀರಿ?" ಎಂದರು ಸಾಹೇಬರು. "ನಮ್ಮ ಜನಕ್ಕೆ ಶೂ ತುಂಬಾ ಇಷ್ಟ ಆಯ್ತು, ಅದಕ್ಕೇ ಯಾರೂ ಹಾಕ್ಕೊಳ್ಲಿಲ್ಲ ಅಂತಾನಾ? ನಗ್ತಾರೆ ಕಣ್ರೀ. ಅವ್ರು ಆಗ್ಲೇ ಬೇರೆಯವ್ರಿಗೆ ಆರ್ಡರ್ ಕೊಟ್ಟಾಯ್ತು."

ಇಡೀ ಜೀವಮಾನದ ಆಸೆಯನ್ನು ಅವರು ಅಷ್ಟು ಮೆಲ್ಲಗೆ ಕೆಳಗಿಟ್ಟದ್ದನ್ನು ನೋಡಿ ನನಗೆ ಅಳು ಬಂತು. ಏನಾದರೂ ಮಾಡಬೇಕಲ್ಲ ಎಂದು ಸ್ಪ್ಯಾನರ್ ತೆಗೆದುಕೊಂಡು ಪ್ರೆಸ್ಸಿನ ಹತ್ತಿರ ಹೋಗಿ, ಶೂವಿನ ಅಚ್ಚನ್ನು ಬಿಚ್ಚತೊಡಗಿದೆ. ಹಳೆಯ ಹವಾಯಿಯ ಅಚ್ಚು ಗೋಡೆಗೆ ಒರಗಿಕೊಂಡಿತ್ತು. ಸಾಹೇಬರೇ ಬಂದು ಅದರ ಒಂದು ತುದಿಗೆ ಕೈ ಕೊಟ್ಟರು.

"ಕೂರ್ಸಿ, ಕೂರ್ಸಿ" ಎಂದರು. "ಚಪ್ಪಲಿನಾದ್ರೆ ತುಳೀತಾರೆ."