ಕಿಟಕಿ ಪಕ್ಕದ ನಿಂಬೆಗಿಡ

ಗೆಳೆಯರೇ, ಮೈಸೂರು ಅರಮನೆಯ ತೋಟಗಾರರು ಗಿಡದ ವಿಷಯದಲ್ಲಿ ಸಂದೇಹ ಬಂದಾಗಲೆಲ್ಲ ನನಗೇ ತಂತಿ ಕಳಿಸುತ್ತಾರೆ. ಅಂಥ ನನ್ನ ಮಾನ ಇವತ್ತು ಅಜ್ಜಂಪುರದಲ್ಲಿ ಹೋಯಿತು.

ಪಡಸಾಲೆಯ ಕಿಟಕಿ ಪಕ್ಕ, ಸೀಮೆಎಣ್ಣೆ ಡಬ್ಬದಲ್ಲಿ ನಿಂಬೆಗಿಡ ಬೆಳೆಸಿದ್ದೇನೆ. ಮೂರು ವರ್ಷಕ್ಕೆ ಒಂದೇ ಒಂದು ಹಣ್ಣು ಬಿಟ್ಟಿತ್ತು. ಮನೆಯೊಳಗೆ ನಿಂಬೆ ಫಲ ಕೊಡುವುದೇ ಇಲ್ಲವೆಂದು ಪಂದ್ಯ ಕಟ್ಟಿದ್ದ ಪಟೇಲ ರಂಗಪ್ಪನನ್ನು ಬೆಳಿಗ್ಗೆ ಮೀಸೆ ತಿರುವುತ್ತಾ ಕರೆತಂದೆ. ನೋಡಿದರೆ ಗಿಡ ಬರಿದು!

"ಹಣ್ಣೆಲ್ಲಿ ಹೋಯ್ತೇ?" ಎಂದು ಹೆಂಡತಿಯನ್ನು ಕೇಳಿದೆ.

"ಬಂದೋರೆಲ್ಲ ಗಿಡಕ್ಕೆ ಕಣ್ಣು ಹಾಕ್ತಾರೆ ಕಣ್ರೀ. ಅದಕ್ಕೇ ದೃಷ್ಟಿ ತೆಗೆದೆ. ಮನೇಲಿ ಬೇರೆ ನಿಂಬೆಹಣ್ಣು ಇರ್ಲಿಲ್ಲ."

ಹೊಸ್ತಿಲ ಎರಡೂ ಬದಿಗೆ ಕುಂಕುಮ ಹಚ್ಚಿದ ಹೋಳುಗಳಿದ್ದವು. ನಾವು ಅವುಗಳ ನಡುವೆಯೇ ಒಳಗೆ ಬಂದಿದ್ದೆವು.

"ಅದೇ ಹಣ್ಣು ಕಣೋ, ನೋಡೋ!" ಎಂದೆ.

"ಗಿಡದಲ್ಲಿ ತೋರ್ಸಪ್ಪಾ. ಹೊಸ್ತಿಲಲ್ಲಿ ಎಲ್ಲರ ಮನೇಲೂ ಐತೆ" ಎಂದ ರಂಗಪ್ಪ.

"ನಿಮಗೂ ಸೇರಿಸೇ ತೆಗ್ದೆ ಕಣ್ರೀ" ಎಂದು ಇವಳು ಮೆಲ್ಲಗೆ ಹೇಳಿದಳು. ತಿರುವಿದ ಮೀಸೆ ಇಳಿಸಿಕೊಂಡು ರಂಗಪ್ಪನಿಗೆ ಪಂದ್ಯದ ಹಣ ಕೊಟ್ಟೆ.

ಪಂದ್ಯದಲ್ಲಿ ನೂರು ರೂಪಾಯಿ ಹೋಯಿತೆಂದು ಸಂತೆಯಲ್ಲಿ ಹೇಳಿಕೊಂಡು ಬಂದಿದ್ದೇನೆ. ನಿಮ್ಮ ಹತ್ತಿರ ಮುಚ್ಚಿಡುವುದೇನು, ಹೋದದ್ದು ಎರಡಾಣೆ.