ಒಣ ನಾರು ಕುಡಿದ ನೀರು

ಅತ್ತಿಬೆಲೆ ಹತ್ತಿರ ನಾನಿದ್ದ ಸಿಮೆಂಟ್ ಕಲ್ಲಿನ ಕಾರ್ಖಾನೆಗೆ ಇದ್ದಕ್ಕಿದ್ದಂತೆ ಪರಿಸರ ಪ್ರೇಮ ವಕ್ಕರಿಸಿತು. ತೋಟದಲ್ಲಿ ಕೊಳೆತುಹೋಗುವ ಬಾಳೆದಿಂಡಿನ ನಾರನ್ನು ಕಾಂಕ್ರೀಟಿಗೆ ಬೆರೆಸಿದರೆ ಬಿರುಕು ಕಡಿಮೆಯಂತೆ. ಮಾತು ಸುಳ್ಳಲ್ಲ. ಆದರೆ ನಾರಿಗೆ ಜನ್ಮ ಕೊಟ್ಟವನೇ ತಾನು ಎಂಬಂತೆ ನಮ್ಮ ಇಂಜಿನಿಯರ್ ಮಹಾಶಯ ಮೆರೆದದ್ದನ್ನು ನೋಡಬೇಕಿತ್ತು! ವೈಟ್‌ಫೀಲ್ಡಿನ ದೊಡ್ಡ ಗಿರಾಕಿಗಳು ಬರುವ ಮುನ್ನಾದಿನವೇ ಮಿಕ್ಸರಿಗೆ ಚೆಂಡುಹೂವಿನ ಹಾರ, ಮುಂದೆ ರಂಗೋಲಿ, ಮೇಲೆ ‘ಹಸಿರು ಕಾಂಕ್ರೀಟ್’ ಎಂಬ ಬ್ಯಾನರು. ನಾರನ್ನು ನೆನೆಸಿಡಬೇಕೆಂಬುದು ಮಾತ್ರ ಯಾವ ಮಹಾನುಭಾವನಿಗೂ ಹೊಳೆಯಲಿಲ್ಲ.

ಮಿಕ್ಸರ್ ನೋಡಿಕೊಳ್ಳುತ್ತಿದ್ದವಳು ಯಾದಗಿರಿ ಕಡೆಯ ಹೆಂಗಸು. ಒಂದೇ ಕೋಣೆಯ ಬಾಡಿಗೆ ಮನೆ, ಓದುವ ಮಗಳು, ಎರಡೂ ಈ ಕೆಲಸವನ್ನೇ ನಂಬಿದ್ದವು.

“ಒಣಾ ನಾರ ಹಂಗ ಹಾಕ್ತೀರೇನ್ರಿ ಸರ? ನೀರೆಲ್ಲ ಅದೇ ಕುಡೀತದ. ನಮ್ಮೂರಾಗ ಗ್ವಾಡಿ ಮಣ್ಣಿಗಿ ಹೊಟ್ಟು ಕಲಸೂದಿದ್ರ ಮೊದ್ಲ ನೆನಿ ಇಡ್ತೀವ್ರಿ.”

“ಅಕ್ಕ, ಇದು ನಿಮ್ಮೂರ ಗೋಡೆ ಅಲ್ಲ, ಟೆಕ್ನಾಲಜಿ. ಅಳತೆ ನೀರು ಹಾಕಿ, ಸುಮ್ನಿರಿ” ಅಂದ ಇಂಜಿನಿಯರ್.

ಕಲ್ಲು ಪರೀಕ್ಷೆ ಮಾಡುವ ನಾನು ಪಕ್ಕದಲ್ಲೇ ಅಚ್ಚಿಗೆ ಎಣ್ಣೆ ಸವರುತ್ತಿದ್ದೆ. ಅವಳ ಮಾತು ಸರಿ ಅಂತ ನನಗೆ ಗೊತ್ತಿತ್ತು. ಆದರೂ ಮುಂದಿನ ಅಚ್ಚಿಗೆ ಕೈ ಹಾಕಿದೆ.

ನಾರು ಬಾಚಣಿಗೆಯ ಕೂದಲಿನಂತೆ ಉಂಡೆಗಟ್ಟಿತು. ಮರುದಿನ ಗಿರಾಕಿಗಳ ಎದುರಿಗೇ ಅಚ್ಚು ಬಿಚ್ಚಿದರೆ ಕಲ್ಲಿನ ಅಂಚೆಲ್ಲ ಪುಡಿಪುಡಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಇಂಜಿನಿಯರ್ “ಆಯಮ್ಮ ನೀರು ಕಮ್ಮಿ ಹಾಕಿದ್ದಾಳೆ ಸಾರ್” ಅಂದ. ಮಾಲೀಕರು ನನ್ನತ್ತ ತಿರುಗಿದರು.

“ನೀವು ಅಲ್ಲೇ ಇದ್ರಲ್ಲ, ಏನಂತೀರಾ?”

“ಇರಬಹುದು ಸಾರ್” ಅಂದೆ. ಥೂ ನನ್ನ ನಾಲಿಗೆಗೆ! ಅಂದೇ ಸಂಜೆ ಅವಳನ್ನು ಕೆಲಸದಿಂದ ತೆಗೆದರು.

ವಾರದೊಳಗೆ ಗೇಟಿನ ಪಕ್ಕ ನೀಲಿ ಡ್ರಮ್ಮುಗಳು ಬಂದವು. ‘ನಾರನ್ನು ಹಿಂದಿನ ದಿನವೇ ನೆನೆಸತಕ್ಕದ್ದು’ ಎಂಬ ಬೋರ್ಡು, ಕೆಳಗೆ ಇಂಜಿನಿಯರ್ ಸಾಹೇಬರ ಸಹಿ. ಏನು ಸಂಶೋಧನೆ, ಏನು ಕತೆ! ಕಲ್ಲುಗಳೂ ಗಟ್ಟಿಯಾಗಿಯೇ ಬಂದವು.

ಬಿಟ್ಟುಹೋಗಿದ್ದ ಊಟದ ಡಬ್ಬಿ ಒಯ್ಯಲು ಅವಳು ಬಂದಳು. ಡ್ರಮ್ಮಿನೊಳಗೆ ಇಣುಕಿ, ನೆನೆಯುತ್ತಿದ್ದ ನಾರನ್ನು ನೋಡಿದಳು. ಆಮೇಲೆ ನನ್ನನ್ನು.

“ಸರ, ನಾ ಅವತ್ತು ಹೇಳಿದ್ದು ನಿಮಗ ಕೇಳಿಸಿತ್ತಲ್ರಿ?”

“ಮಿಕ್ಸರ್ ಸದ್ದಲ್ಲಿ ಏನೂ ಕೇಳಿಸ್ಲಿಲ್ಲ ಅಕ್ಕ.”

ಅವಳು ತಲೆಯಾಡಿಸಿ ಹೊರಟುಹೋದಳು. ಅವಳು ಆ ಮಾತು ಹೇಳಿದಾಗ ಮಿಕ್ಸರ್ ಇನ್ನೂ ಶುರುವಾಗಿರಲಿಲ್ಲ. ಆಮೇಲೆ ಅದರ ಸ್ವಿಚ್ ಒತ್ತಿದವಳು ಅವಳೇ.