ಕಸ್ತೂರೆವ್ವನ ನೀರಿನ ಬಕೆಟ್

ನರಕ ಚತುರ್ದಶಿಯ ನಸುಕು. ಧಾರವಾಡದ ಲಕಮನಹಳ್ಳಿ ಕಡೆಯ ಬಡಾವಣೆಯೊಂದರಲ್ಲಿ ಎಣ್ಣೆಸ್ನಾನ ಮುಗಿದಿದೆ, ಆರತಿಯಾಗಿದೆ, ಮನೆಗಳ ಮುಂದೆ ಪಟಾಕಿ ಹಾರುತ್ತಿವೆ. ಪೌರಕಾರ್ಮಿಕರಾದ ಕಸ್ತೂರೆವ್ವ ರಸ್ತೆ ಗುಡಿಸಲು ಬರುವುದೂ ಇದೇ ಹೊತ್ತಿಗೆ. ಒಂದು ಕೈಯಲ್ಲಿ ಕಸಬರಿಗೆ, ಇನ್ನೊಂದರಲ್ಲಿ ನೀರಿನ ಬಕೆಟ್. ಸುಟ್ಟ ಕಾಗದ ಕಂಡಲ್ಲೆಲ್ಲ ಮೊದಲು ದೂರದಿಂದ ನೀರು ಎರಚಿ, ಸ್ವಲ್ಪ ಕಾದು, ಆಮೇಲೆ ಗುಡಿಸುತ್ತಾರೆ. ಎಡಗಡೆ ಏನಿದೆ ಎಂದು ನೋಡಲು ಅವರು ಇಡೀ ತಲೆಯನ್ನೇ ತಿರುಗಿಸಬೇಕು. ಇವತ್ತು ಜೊತೆಗೆ ನಡೆಯುತ್ತಿರುವ ನನಗೆ ಅದರ ಕಾರಣ ಹೇಳುತ್ತಾರೆ.

"ಈ ಕಣ್ಣು ಹಿಂಗ ಹಬ್ಬದ ನಸಿಕಿನ್ಯಾಗ ಹೋತ್ರಿ. ಮೂರು ವರ್ಷಾತು. ಹಾರದ ಪಟಾಕಿ ಕಾಗದದಾಗ ಬಿದ್ದಿತ್ತು. ಆರೈತಿ ಅಂತ ಬಗ್ಗಿದೆ, ಢಂ ಅಂತು."

ಅವತ್ತು ಆ ಸದ್ದಿಗೆ ಬಾಗಿಲುಗಳು ತೆರೆದವು, ಮತ್ತೆ ಮುಚ್ಚಿದವು. ಪಟಾಕಿ ನಮ್ಮದಲ್ಲ ಎಂದಿತು ಇಡೀ ಓಣಿ. ದೂರು ಕೊಡುವುದಾದರೂ ಯಾರ ಮೇಲೆ? ಹಸಿರು ಪಟಾಕಿ ಮಾತ್ರ, ಅದೂ ರಾತ್ರಿ ಎಂಟರಿಂದ ಹತ್ತು ಎಂಬ ನಿಯಮ ಎಲ್ಲರಿಗೂ ಬಾಯಿಪಾಠ. ನಸುಕಿನಲ್ಲಿ ಹಚ್ಚುವುದು ಸಂಪ್ರದಾಯವಂತೆ. ಆ ಸಂಪ್ರದಾಯಕ್ಕೆ ಗುಡಿಸುವವರ ಕಣ್ಣೇ ಏಕೆ ಬೇಕು ಎಂದು ಮಾತ್ರ ಯಾರೂ ಕೇಳಿಕೊಂಡಿಲ್ಲ.

ಬಕೆಟ್ ಬಂದದ್ದು ಆ ಬಳಿಕ. ಹಬ್ಬದಲ್ಲಿ ಜೊತೆಗಾತಿ ದುರಗವ್ವನನ್ನು ಅವರು ಹಿಂದೆಯೇ ನಿಲ್ಲಿಸುತ್ತಾರೆ. "ಸಣ್ಣ ವಯಸ್ಸಿನಾಕಿ ಅಕಿ, ಹಿಂದ ಇರ್ಲಿ. ನನಗ ಉಳದದ್ದು ಇದೊಂದ ಕಣ್ಣು ಖರೇ. ಇದೂ ಹೋದ್ರ ಕೆಲಸಾನೂ ಹೋತು, ಕೂಳೂ ಹೋತು."

ತಿರುವಿನ ಮನೆಯ ಮುಂದೆ ಬತ್ತಿ ಸುಟ್ಟರೂ ಹಾರದ ಪಟಾಕಿಯೊಂದು ಕೂತಿದೆ. ಹೊಸ ಅಂಗಿ ತೊಟ್ಟ ಯಜಮಾನ ಗುರುಪಾದ ಊದುಬತ್ತಿ ಹಿಡಿದು, ಅದನ್ನೇ ಮತ್ತೆ ಹಚ್ಚಲು ಬಗ್ಗುತ್ತಾರೆ.

"ಸಾಹೇಬ್ರ, ಬ್ಯಾಡ್ರಿ. ಒಳಗ ಕಿಡಿ ಇರ್ತೈತಿ, ಹಿಂದ ಸರೀರಿ."

"ನೀ ನಿನ್ನ ಕೆಲಸಾ ನೋಡು."

ಕಸ್ತೂರೆವ್ವ ತಮ್ಮ ಕೆಲಸವನ್ನೇ ನೋಡುತ್ತಾರೆ. ಬಕೆಟ್ಟಿನ ನೀರಷ್ಟನ್ನೂ ಪಟಾಕಿಯ ಮೇಲೆ ಸುರಿಯುತ್ತಾರೆ. ಹೊಸ ಅಂಗಿಗೂ ಒಂದಿಷ್ಟು ಸಿಡಿಯುತ್ತದೆ, ಸಾಹೇಬರು ಫೋನ್ ತೆಗೆಯುತ್ತಾರೆ.

ರಸ್ತೆಯ ಕಸಕ್ಕೆ ಎಷ್ಟು ಸಲ ಕರೆದರೂ ಬಾರದ ಮೇಲ್ವಿಚಾರಕ ಅಂಗಿಯ ಸಲುವಾಗಿ ಬೈಕೇರಿ ಬರುತ್ತಾನೆ. ಅಂಗಿ ನೋಡುತ್ತಾನೆ, ಪಟಾಕಿಯ ಕಡೆ ತಿರುಗಿಯೂ ನೋಡುವುದಿಲ್ಲ. ನಡೆದದ್ದನ್ನು ನಾನು ಹೇಳಲು ಹೋದರೆ, "ನೀವು ಸುಮ್ನಿರ್ರಿ" ಎಂದು ಬಾಯಿ ಮುಚ್ಚಿಸುತ್ತಾನೆ. ಕಸ್ತೂರೆವ್ವನಿಗೆ, "ಹಬ್ಬದ ದಿನಾ ಯಾಕ ತಂಟೆ? ತಪ್ಪಾತು ಅನ್ನು, ಮುಗಸು."

"ತಪ್ಪಾತ್ರಿ ಸಾಹೇಬ್ರ."

ಅವರು ಖಾಲಿ ಬಕೆಟ್ ಹಿಡಿದು ಓಣಿಯ ಕೊನೆಯ ನಲ್ಲಿಯತ್ತ ನಡೆಯುತ್ತಾರೆ. ನೀರು ತುಂಬುವ ಹಬ್ಬಕ್ಕೆಂದು ನಿನ್ನೆ ಸಂಜೆ ಚೆಂಡು ಹೂ ಸುತ್ತಿ ಪೂಜಿಸಿದ ಹಂಡೆ ಗುರುಪಾದರ ಅಂಗಳದಲ್ಲೇ ಇದೆ, ಇನ್ನೂ ಅರ್ಧ ನೀರಿದೆ. ಅಲ್ಲೇ ಕೇಳಬಾರದೇ ಎನ್ನುತ್ತೇನೆ.

"ಹಬ್ಬದ ನೀರ್ರಿ ಅದು. ಕೇಳಿದ್ರ ಮತ್ತ ಫೋನ್ ಮಾಡ್ತಾರ. ನನಗ ಕೊಡೂದು ಬ್ಯಾಡ. ಹಾರದ ಪಟಾಕಿ ಮ್ಯಾಲೆ ತಾವ ಒಂದು ತಂಬಿಗಿ ಹಾಕಿ ಒಳಗ ಹೋದ್ರ ಸಾಕಾಗಿತ್ತು."

ಹಾಗಾದರೆ ತಪ್ಪಾಯಿತು ಎಂದು ನೀವೇಕೆ ಅನ್ನಬೇಕಿತ್ತು ಎಂದು ಕೇಳುತ್ತೇನೆ.

ನಲ್ಲಿ ತಿರುಗಿಸುತ್ತಾ ಕಸ್ತೂರೆವ್ವ ಇಡೀ ತಲೆಯನ್ನು ನನ್ನ ಕಡೆ ಹೊರಳಿಸುತ್ತಾರೆ.

"ಇರ್ಲಿ ಬಿಡ್ರಿ. ಅವರವು ಎರಡೂ ಕಣ್ಣು ಉಳದಾವಲ್ಲ."